ತಾಳ ತಪ್ಪಿದ್ದು ಕೈಯೋ, ಟಿವಿಯೋ?

ಪ್ರಶ್ನೆ: ಸರ್, ಹೊಸ ದೊಡ್ಡ ಟಿವಿ ತಂದ ಮೇಲೆ ರಿದಮ್ ಗೇಮ್ ಆಡೋಕೇ ಆಗುತ್ತಿಲ್ಲ. ತಾಳಕ್ಕೆ ಸರಿಯಾಗಿ ಬಟನ್ ಒತ್ತಿದರೂ 'ಲೇಟ್' ಅಂತ ತೋರಿಸುತ್ತದೆ. ಎರಡು ವರ್ಷ ಮೃದಂಗ ಕಲಿತವನು ನಾನು. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಆಡುತ್ತೇನೆ. ಕ್ಯಾಲಿಬ್ರೇಷನ್ (ತಡ ಎಷ್ಟು ಅಂತ ಗೇಮ್ ಅಳೆಯುವ ಪರೀಕ್ಷೆ) ಮಾಡಿದರೆ ಆಡಿಯೊಗೊಂದು, ವಿಡಿಯೊಗೊಂದು ಅಂಕಿ ಬರುತ್ತದೆ, ಅದೂ ಪ್ರತಿ ಸಲ ಬೇರೆ ಬೇರೆ. ಏನು ಮಾಡಲಿ?
– ಓದುಗ, ಸರಸ್ವತಿಪುರಂ, ಮೈಸೂರು

ಉತ್ತರ: ಮೊದಲು ಆ ಹೆಡ್‌ಫೋನ್ ತೆಗೆದಿಡಿ, ವೈರ್ ಇರುವುದನ್ನು ಹಾಕಿಕೊಳ್ಳಿ. ಬ್ಲೂಟೂತ್‌ನಲ್ಲಿ ಶಬ್ದ ಕಿವಿಗೆ ಬರುವಷ್ಟರಲ್ಲಿ 100ರಿಂದ 200 ಮಿಲಿಸೆಕೆಂಡ್ ಕಳೆದಿರುವುದು ಮಾಮೂಲಿ, ಕೆಲವದರಲ್ಲಿ ಇನ್ನೂ ಜಾಸ್ತಿ. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಅಲ್ಲಿ ಚಿತ್ರವನ್ನೂ ಅಷ್ಟು ಹೊತ್ತು ತಡೆದು ತೋರಿಸಬಹುದು. ಗೇಮ್‌ನಲ್ಲಿ ನಿಮ್ಮ ಬೆರಳನ್ನು ತಡೆಯುವವರು ಯಾರು?

ಆಮೇಲೆ ಟಿವಿಯಲ್ಲಿ 'ಗೇಮ್ ಮೋಡ್' ಹಾಕಿ. ಚಿತ್ರವನ್ನು ನುಣುಪು ಮಾಡುವ ಕಸರತ್ತಿಗೆಲ್ಲ ಟಿವಿಗೆ ಸಮಯ ಬೇಕು, ಗೇಮ್ ಮೋಡ್ ಅದನ್ನು ಬಿಡಿಸುತ್ತದೆ. ಹಳೆಯ ಡಬ್ಬಾ ಟಿವಿಗಳಿಗೆ ಈ ರೋಗವೇ ಇರಲಿಲ್ಲ.

ಎರಡು ಅಂಕಿ ಯಾಕೆ ಅಂತೀರಾ? ದಸರಾದಲ್ಲಿ ಕುಶಾಲತೋಪು ಹಾರಿಸುವುದನ್ನು ದೂರದಿಂದ ನೋಡಿದ್ದೀರಲ್ವಾ, ಮೊದಲು ಹೊಗೆ, ಆಮೇಲೆ ಢಂ. ಅಲ್ಲಿ ಶಬ್ದ ಮಾತ್ರ ತಡ. ನಿಮ್ಮ ಮನೆಯಲ್ಲಿ ಎರಡೂ ತಡ, ಆದರೆ ಒಂದೊಂದೂ ಬೇರೆ ಬೇರೆ ಅಳತೆಯಲ್ಲಿ. ಅದಕ್ಕೇ ಎರಡನ್ನೂ ಬೇರೆಯಾಗಿಯೇ ಅಳೆಯಬೇಕು. ಆಡಿಯೊಗೆ ಕಣ್ಣು ಮುಚ್ಚಿ ಒತ್ತಿ, ವಿಡಿಯೊಗೆ ವಾಲ್ಯೂಮ್ ಸೊನ್ನೆ ಮಾಡಿ ಒತ್ತಿ. ನೀವು ನೋಡುತ್ತಾ ಕೇಳುತ್ತಾ ಒಟ್ಟಿಗೇ ಒತ್ತುತ್ತಿದ್ದೀರಿ ಅನ್ನಿಸುತ್ತದೆ, ಅಂಕಿ ಕುಣಿಯುವುದು ಅದಕ್ಕೇ. ಇನ್ನೊಂದು, 'ಟಿಕ್' ಕೇಳಿದ ಮೇಲೆ ಒತ್ತಬೇಡಿ, ಅದರ ಜೊತೆಗೇ ಒತ್ತಿ. ಮೃದಂಗದವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಆದರೂ ಸ್ಕ್ರೀನ್ ಮುಂದೆ ಕೂತ ತಕ್ಷಣ ಎಲ್ಲರೂ ಮರೆಯುತ್ತಾರೆ. ಮೂರು ಸಲ ಮಾಡಿ, ನಡುವಿನ ಅಂಕಿ ಇಟ್ಟುಕೊಳ್ಳಿ.

2008ರ 'ರಾಕ್ ಬ್ಯಾಂಡ್ 2' ಎಂಬ ರಿದಮ್ ಗೇಮ್‌ನ ಆಟಿಕೆ ಗಿಟಾರಿನಲ್ಲಿ ಬೆಳಕಿನ ಸೆನ್ಸರ್, ಮೈಕ್ ಎರಡೂ ಇದ್ದವು. ಟಿವಿಗೆ ಹಿಡಿದರೆ ಸಾಕು, ತಾನೇ ಅಳೆದುಕೊಳ್ಳುತ್ತಿತ್ತು. ನಿಮಗೆ ಆ ಸುಖ ಇಲ್ಲ, ಆಡಿ ನೋಡಿಯೇ ಪರೀಕ್ಷೆ ಮಾಡಬೇಕು. ತಪ್ಪುಗಳೆಲ್ಲ 'ಲೇಟ್' ಕಡೆಗೇ ಬಿದ್ದರೆ ಅಂಕಿ ಸ್ವಲ್ಪ ಸರಿಸಿ. ಆ ಕಡೆ ಈ ಕಡೆ ಚೆಲ್ಲಾಪಿಲ್ಲಿ ಬಿದ್ದರೆ ಮಾತ್ರ ಕೈಗೆ ಅಭ್ಯಾಸ ಬೇಕು. ಐದು ಮಿಲಿಸೆಕೆಂಡ್‌ಗೆಲ್ಲ ತಲೆ ಕೆಡಿಸಿಕೊಳ್ಳಬೇಡಿ, ಸೋಫಾವನ್ನು ಎರಡು ಮೀಟರ್ ಹಿಂದಕ್ಕೆ ತಳ್ಳಿದರೇ ಸ್ಪೀಕರ್ ಶಬ್ದ ಆರು ಮಿಲಿಸೆಕೆಂಡ್ ತಡವಾಗುತ್ತದೆ. ಹೆಡ್‌ಫೋನ್ ಬಿಟ್ಟು ಸ್ಪೀಕರ್ ಹಾಕಿದರೆ ಮತ್ತೆ ಮೊದಲಿಂದ ಅಳೆಯಿರಿ. ಸೌಂಡ್‌ಬಾರ್ ಸೇರಿಸಿದ್ದನ್ನು ಮರೆತು ನಾನು ಒಂದು ಭಾನುವಾರ ಪೂರ್ತಿ ಸುಮ್ನೆ ಟಿವಿಯನ್ನು ಬೈದಿದ್ದೇನೆ.

ಪ್ರಶ್ನೆ: ನನ್ನ ತಮ್ಮ ರಿದಮ್ ಗೇಮ್‌ಗೆ ತಾನೇ ಒಂದು ಹಾಡು ಸೇರಿಸಿದ್ದಾನೆ. ಶುರುವಿನಲ್ಲಿ ಸರಿ ಇರುತ್ತದೆ, ಹೋಗ್ತಾ ಹೋಗ್ತಾ ತಪ್ಪುತ್ತದೆ.
– ಓದುಗಿ, ಮಂಡ್ಯ

ಉತ್ತರ: ಇದಕ್ಕೆ ಕ್ಯಾಲಿಬ್ರೇಷನ್ ಮದ್ದಲ್ಲ. ಅವನು ಹಾಕಿದ ವೇಗವೇ ತಪ್ಪಿರಬೇಕು. ನಿಮಿಷಕ್ಕೆ 120 ಬೀಟ್ ಇರುವ ಹಾಡಿಗೆ 121 ಅಂತ ಹಾಕಿದರೂ ಒಂದು ನಿಮಿಷದಲ್ಲಿ ಅರ್ಧ ಸೆಕೆಂಡ್ ಹತ್ತಿರ ವ್ಯತ್ಯಾಸ ಬರುತ್ತದೆ. ತಮ್ಮನಿಗೆ ಮತ್ತೆ ಎಣಿಸಲು ಹೇಳಿ.