ಬರ್ಮಿಂಗ್‌ಹ್ಯಾಮ್‌ನಲ್ಲಿ ಮನೆ ಅಗ್ಗ, ಕೊಂಡುಬಿಡೋಣವೇ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಬಾಡಿಗೆಗಿದ್ದೇವೆ. ನಮ್ಮ ಯಜಮಾನರಿಗೆ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ, ಯುಎಬಿ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಅಲ್ಲಿನ ಮನೆಗಳ ಬೆಲೆ ನೋಡಿದರೆ ನಂಬೋದಕ್ಕೇ ಆಗುತ್ತಿಲ್ಲ. ಮಗಳು ಮೂರನೇ ಕ್ಲಾಸು. ಹೋದ ತಕ್ಷಣ ಮನೆ ಕೊಳ್ಳಬಹುದೇ?
– ಓದುಗರು, ಎಡಿಸನ್

ಉತ್ತರ: ಧೈರ್ಯವಾಗಿ ಹೋಗಿ. ಆದರೆ ಮೊದಲ ವರ್ಷ ಬಾಡಿಗೆಗೇ ಇರಿ. ಅಲ್ಲಿ ಬೆಲೆಗಿಂತ ಮೊದಲು ಕೇಳಬೇಕಾದದ್ದು, ಈ ಮನೆ ಯಾಕೆ ಇಷ್ಟು ಅಗ್ಗ ಅಂತ.

1871ರಲ್ಲಿ ಹುಟ್ಟಿದ ಊರು ಅದು. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣದಕಲ್ಲು ಮೂರೂ ಅಕ್ಕಪಕ್ಕದಲ್ಲೇ ಸಿಕ್ಕಿದ್ದರಿಂದ ಕುಲುಮೆಗಳು ಎದ್ದವು. ಹೆಸರಾಂತ ಸ್ಲಾಸ್ ಕುಲುಮೆ 1971ರಲ್ಲಿ ಆರಿತು, ಈಗ ಮ್ಯೂಸಿಯಂ. ಇವತ್ತು ಊರಿಗೆ ಅನ್ನ ಹಾಕುತ್ತಿರುವುದು ನಿಮ್ಮವರು ಸೇರಲಿರುವ ಯುಎಬಿಯೇ. ಆದರೆ ಕಾರ್ಖಾನೆಗಳು ಬಿಟ್ಟುಹೋದದ್ದು ಮಣ್ಣಿನಲ್ಲಿದೆ. ಊರಿನ ಉತ್ತರಕ್ಕಿರುವ ಕಾಲೇಜ್‌ವಿಲ್, ಹ್ಯಾರಿಮನ್ ಪಾರ್ಕ್, ಫೇರ್‌ಮಾಂಟ್ ಬಡಾವಣೆಗಳಲ್ಲಿ ಸೀಸ, ಆರ್ಸೆನಿಕ್ ಸಿಕ್ಕಿ, ಕೇಂದ್ರ ಪರಿಸರ ಇಲಾಖೆ ಮನೆಯಂಗಳದ ಮಣ್ಣನ್ನೇ ಅಗೆದು ಬದಲಿಸಬೇಕಾಯಿತು. ಅಲ್ಲಿರುವವರು ಬಹುಪಾಲು ಕಪ್ಪು ಜನ. ಯಾರು ಎಲ್ಲಿ ಮನೆ ಮಾಡಬೇಕೆಂದು ಮೈಬಣ್ಣ ನೋಡಿ ಗೆರೆ ಎಳೆದ 1926ರ ಕಾನೂನಿಗೂ ಇದಕ್ಕೂ ನಂಟಿದೆ. ಹಾಗಾಗಿ ಯಾವ ಮನೆ ನೋಡಿದರೂ ಸುತ್ತ ಮುಂಚೆ ಏನಿತ್ತು ಅಂತ ವಿಚಾರಿಸಿ, ಮಣ್ಣು ಪರೀಕ್ಷೆ ಮಾಡಿಸಿ.

ಊರಿನ ದಕ್ಷಿಣಕ್ಕಿರುವ ರೆಡ್ ಮೌಂಟನ್ ಬೆಟ್ಟದ ಆಚೆಗೆ ಹೋಮ್‌ವುಡ್, ಮೌಂಟನ್ ಬ್ರೂಕ್, ವೆಸ್ಟಾವಿಯಾ ಹಿಲ್ಸ್, ಹೂವರ್ ಇವೆ. ಇವು ಬೇರೆ ಬೇರೆ ಊರುಗಳೇ, ಒಂದೊಂದಕ್ಕೂ ಅದರದೇ ಶಾಲಾ ಮಂಡಳಿ. ಮಗಳ ಶಾಲೆಗಾಗಿ ನೀವು ಇಲ್ಲೇ ಹುಡುಕುತ್ತೀರಿ, ಆಗ ಆ ‘ನಂಬೋದಕ್ಕಾಗದ ಬೆಲೆ’ ಮಾಯವಾಗುತ್ತದೆ! ಬೆಟ್ಟದ ಮೇಲೆ ರೋಮನ್ನರ ಕಮ್ಮಾರ ದೇವರು ವಲ್ಕನ್ 56 ಅಡಿ ಎತ್ತರದ ಕಬ್ಬಿಣದ ಪ್ರತಿಮೆಯಾಗಿ ನಿಂತಿದ್ದಾನೆ. ಅವನ ಬತ್ತಲೆ ಹಿಂಭಾಗ ಹೋಮ್‌ವುಡ್ ಕಡೆಗೇ. ಆದರೂ ಅಲ್ಲಿ ರೇಟು ಇಳಿದಿಲ್ಲ ನೋಡಿ.

ಖರ್ಚಿನ ಲೆಕ್ಕದಲ್ಲಿ ಎರಡು ಕಾರು ಹಿಡಿಯಿರಿ, ಬಸ್ ನಂಬಿ ಬದುಕೋದು ಕಷ್ಟ. ಅಂಗಡಿಯಲ್ಲಿ ಮಾರಾಟ ತೆರಿಗೆ ಸುಮಾರು ಶೇ 10. ಎಲ್ಲೇ ವಾಸವಿದ್ದರೂ ಬರ್ಮಿಂಗ್‌ಹ್ಯಾಮ್ ನಗರದೊಳಗೆ ದುಡಿದ ಸಂಬಳದಲ್ಲಿ ಶೇ 1 ನಗರಕ್ಕೆ ಕಟ್. ಮನೆ ತೆರಿಗೆ ಮಾತ್ರ ತೀರಾ ಕಡಿಮೆ. ಅದಕ್ಕೂ, ಇದು ನಾವೇ ವಾಸಿಸುವ ಮನೆ ಅಂತ ತಿಳಿಸುವ ‘ಹೋಮ್‌ಸ್ಟೆಡ್’ ಅರ್ಜಿಯನ್ನು ಕೌಂಟಿ ಕಚೇರಿಗೆ ನೀವೇ ಕೊಡಬೇಕು. ಮರೆತರೆ ಮನೆ ಮೌಲ್ಯದ ಶೇ 10ರ ಬದಲು ಶೇ 20ರ ಮೇಲೆ ತೆರಿಗೆ ಬೀಳುತ್ತದೆ.

ಇನ್ನೊಂದು ವಿಷಯ, ಅದು ಸುಂಟರಗಾಳಿಯ ಸೀಮೆ. ಮನೆ ನೋಡುವಾಗ ಅಡಿಗೆಮನೆ ಆಮೇಲೆ, ನೆಲಮಾಳಿಗೆ ಇದೆಯಾ ಅಂತ ಮೊದಲು ಕೇಳಿ.