ಲಿಂಫೋಮಾಗೆ ಕೀಮೋ ಬಿಟ್ಟು ಬೇರೆ ಚಿಕಿತ್ಸೆ ಇದೆಯಾ?

ನಿಮ್ಮ ತಮ್ಮನಿಗೆ ಲಿಂಫೋಮಾ, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್, ಅಂತ ಗೊತ್ತಾಗಿದೆ, ಕೀಮೋ ಇನ್ನೂ ಶುರುವಾಗಿಲ್ಲ, ಅದಿಲ್ಲದೆ ಗುಣವಾಗುವ ಹೊಸ ದಾರಿ ಇದೆಯಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಅಮ್ಮನಿಗೆ ಡಿಫ್ಯೂಸ್ ಲಾರ್ಜ್ ಬಿ ಸೆಲ್ ಅನ್ನುವ ಬಗೆಯ ಲಿಂಫೋಮಾ ಬಂದಾಗ, ಮೂರು ವಾರಕ್ಕೊಂದರಂತೆ ಆರು ಸಲ ಆರ್-ಚಾಪ್ (ಕೀಮೋ ಮತ್ತು ಆಂಟಿಬಾಡಿ ಸೇರಿಸಿ ಕೊಡುವ ಚಿಕಿತ್ಸೆ) ಕೊಡಿಸಿದವನು. ಡೇ ಕೇರ್ ವಾರ್ಡಿನಲ್ಲಿ ಕೂತು ಕೂತು ಕಲಿತದ್ದನ್ನು ಹೇಳುತ್ತೇನೆ.

ಮೊದಲು ಬಯಾಪ್ಸಿ ಫೈಲ್ ತೆಗೆಯಿರಿ. ಐಎಚ್‌ಸಿ (ಇಮ್ಯುನೋಹಿಸ್ಟೋಕೆಮಿಸ್ಟ್ರಿ) ಅಂತ ಒಂದು ರಿಪೋರ್ಟ್ ಇರುತ್ತದೆ. ಸಿಡಿ20 ಪಾಸಿಟಿವ್, ಸಿಡಿ30 ನೆಗೆಟಿವ್ ಅಂತೆಲ್ಲ ಬರೆದಿರುತ್ತಾರೆ. ಇವು ಕ್ಯಾನ್ಸರ್ ಕೋಶದ ಮೈಮೇಲಿನ ಗುರುತುಗಳು. ಹೊಸ ಔಷಧಿಗಳಲ್ಲಿ ಹೆಚ್ಚಿನವು ಈ ಗುರುತನ್ನೇ ಹುಡುಕಿಕೊಂಡು ಹೋಗುತ್ತವೆ.

ಆರ್-ಚಾಪ್‌ನ ‘ಆರ್’ ಅಂದರೆ ರಿಟುಕ್ಸಿಮ್ಯಾಬ್. ಅದು ಕೀಮೋ ಅಲ್ಲವೇ ಅಲ್ಲ, ಆಂಟಿಬಾಡಿ. ಸಿಡಿ20ಕ್ಕೆ ಅಂಟಿಕೊಂಡು ‘ಕಳ್ಳ ಇಲ್ಲಿದ್ದಾನೆ’ ಅಂತ ಮೈಯ ಕಾವಲುಪಡೆಗೆ ತೋರಿಸಿಕೊಡುತ್ತದೆ. ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2007ರಲ್ಲಿ ಅದರದೇ ತದ್ರೂಪು ತಂದಿತು. ಅಮ್ಮನಿಗೆ ಮೊದಲ ಡ್ರಿಪ್ ಹಾಕಿದ ಸ್ವಲ್ಪ ಹೊತ್ತಿಗೆ ಹಲ್ಲು ಕಟಕಟ ಅನ್ನುವಷ್ಟು ಚಳಿ ಬಂತು. ನರ್ಸ್ ಡ್ರಿಪ್ ನಿಲ್ಲಿಸಿ, ಇಂಜೆಕ್ಷನ್ ಕೊಟ್ಟು, ಮತ್ತೆ ನಿಧಾನಕ್ಕೆ ಬಿಟ್ಟರು. ಮೊದಲ ಸಲ ಇದು ಮಾಮೂಲಂತೆ. ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಾಜ್‌ಕಿನ್ ಬಗೆಯಾದರೆ ಕಥೆಯೇ ಬೇರೆ. ಅಲ್ಲಿ ಸಿಡಿ30ಕ್ಕೆ ಗುರಿಯಿಟ್ಟ ಬ್ರೆಂಟುಕ್ಸಿಮ್ಯಾಬ್ ಇದೆ, ಮೈಯ ಕಾವಲುಪಡೆಗೆ ಇರುವ ತಡೆ ಬಿಡಿಸುವ ನಿವೊಲುಮ್ಯಾಬ್ ಇದೆ. ಮ್ಯಾಂಟಲ್ ಸೆಲ್ ಅನ್ನುವ ಇನ್ನೊಂದು ಬಗೆಯ ಲಿಂಫೋಮಾಗೆ ಇಬ್ರುಟಿನಿಬ್‌ನಂಥ ಗುಳಿಗೆಗಳೂ ಇವೆ.

ಇನ್ನು ಎಲ್ಲರೂ ಕೇಳುವ ಕಾರ್-ಟಿ. ರೋಗಿಯ ರಕ್ತದಿಂದಲೇ ಟಿ ಕೋಶಗಳನ್ನು (ಕಾವಲುಪಡೆಯ ಬಿಳಿ ರಕ್ತಕಣಗಳು) ತೆಗೆದು, ಲ್ಯಾಬಿನಲ್ಲಿ ಅವುಗಳಿಗೆ ಕ್ಯಾನ್ಸರ್ ಕೋಶ ಗುರುತಿಸುವ ಹೊಸ ಜೀನ್ ಸೇರಿಸಿ, ಸಂಖ್ಯೆ ಹೆಚ್ಚಿಸಿ, ವಾಪಸ್ ಮೈಗೆ ಬಿಡುತ್ತಾರೆ. ಅಮೆರಿಕದಲ್ಲಿ 2017ರಲ್ಲಿ ಲಿಂಫೋಮಾಗೆ ಬಂದಾಗ ಬೆಲೆ 3.73 ಲಕ್ಷ ಡಾಲರ್! ನಮ್ಮಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19 ಅನ್ನುವ ಕಾರ್-ಟಿಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರಲ್ಲಿ ಕಾರ್ಟೆಮಿ ಅನ್ನುವ ಇನ್ನೊಂದನ್ನು ತಂದಿತು. ಅಮೆರಿಕದ ಬೆಲೆಗೆ ಹೋಲಿಸಿದರೆ ಇಲ್ಲಿ ತುಂಬಾ ಕಮ್ಮಿ. ಆದರೂ ಹತ್ತಾರು ಲಕ್ಷದ ಮಾತು. ಜೋರು ಜ್ವರ, ಬಿಪಿ ಇಳಿಯುವ ಅಪಾಯವೂ ಇದೆ, ಹಾಗಾಗಿ ಆಸ್ಪತ್ರೆಯಲ್ಲೇ ಕಣ್ಣಿಟ್ಟು ನೋಡಿಕೊಳ್ಳುತ್ತಾರೆ.

ಮತ್ತೆ, ತಮಾಷೆ ಅಂದರೆ ಇದು: ಕಾರ್-ಟಿ ಕೊಡುವ ಕೆಲವು ದಿನ ಮುಂಚೆ ಅದಕ್ಕೆ ಜಾಗ ಮಾಡಲು ಕೀಮೋನೇ ಕೊಡುತ್ತಾರೆ. ಅಲ್ಲದೆ ನಮ್ಮಲ್ಲಿ ಇದಿರುವುದು ಕಾಯಿಲೆ ಮರಳಿ ಬಂದವರಿಗೆ, ಮೊದಲ ಚಿಕಿತ್ಸೆಗೆ ಬಗ್ಗದವರಿಗೆ. ಅಮ್ಮನ ಬಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆರ್-ಚಾಪ್‌ನಲ್ಲೇ ಗುಣವಾಗುತ್ತಾರೆ. ಹಾಗಾಗಿ ಕಾರ್-ಟಿಗೆ ಈಗಲೇ ಸಾಲ ಹುಡುಕಬೇಡಿ. ನಾಳೆ ಡಾಕ್ಟರ್ ಹತ್ತಿರ ಹೋದಾಗ ಐಎಚ್‌ಸಿ ರಿಪೋರ್ಟ್ ಮುಂದಿಟ್ಟು ‘ಇದು ಯಾವ ಬಗೆ? ಕೀಮೋ ಜೊತೆ ಆಂಟಿಬಾಡಿ ಕೊಡುತ್ತೀರಾ?’ ಅಂತ ಕೇಳಿ.