ಕುಸಿದ ಅಂಗಳ: ಮೊದಲು ಒಂದು ಕಲ್ಲು ಎತ್ತಿ ನೋಡಿ

ಪ್ರಶ್ನೆ: ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿಸಿ ಎರಡು ಮಳೆಗಾಲ ಆಯ್ತು. ಈಗ ಅಲ್ಲಲ್ಲಿ ಕುಸಿದಿದೆ, ಕಾಲಿಟ್ಟರೆ ಸಂದಿಯಿಂದ ಕೆಸರು ನೀರು ಚಿಮ್ಮುತ್ತದೆ. ಕಲ್ಲೇ ಕಳಪೆ ಅನ್ನುತ್ತಾರೆ. ಇನ್ನೂ ದಪ್ಪ ಕಲ್ಲು ತಂದು ಹೊಸದಾಗಿ ಹಾಕಿಸಲೇ?

ಉತ್ತರ: ದಯವಿಟ್ಟು ಈಗಲೇ ಹೊಸ ಕಲ್ಲು ತರಬೇಡಿ. ಓಡಾಡುವ ಜಾಗಕ್ಕೆ 60 ಮಿಲಿಮೀಟರ್ ದಪ್ಪದ ಕಲ್ಲು ಸಾಕು, ಕಾರು ನಿಲ್ಲಿಸುವುದಾದರೆ 80. ನಿಮ್ಮ ತೊಂದರೆ ಇರುವುದು ಅದರ ಕೆಳಗೆ.

ಕುಸಿದ ಕಡೆ ಎರಡು ಸ್ಕ್ರೂಡ್ರೈವರ್ ತೂರಿಸಿ ಒಂದೇ ಒಂದು ಕಲ್ಲು ಎತ್ತಿ, ಅಡಿಯಲ್ಲಿರುವುದನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಒರಟು ಮರಳಾದರೆ ಕಾಳು ಕಾಳಾಗಿ ಉದುರುತ್ತದೆ. ಜಲ್ಲಿಪುಡಿ ಹಾಕಿದ್ದರೆ ಬೂದುಬಣ್ಣದ ಅಂಟು ಮುದ್ದೆಯಾಗಿ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಆ ನುಣ್ಣನೆಯ ಪುಡಿ ನೀರನ್ನು ಬಿಡುವುದೇ ಇಲ್ಲ. ನೀವು ಕಾಲಿಟ್ಟಾಗಲೆಲ್ಲ ಕಲ್ಲು ಒತ್ತುತ್ತದೆ, ನೀರು ಪುಡಿಯನ್ನೂ ಎಳೆದುಕೊಂಡು ಸಂದಿಯಿಂದ ಮೇಲೆ ಬರುತ್ತದೆ, ಹೀಗೆ ದಿನಾ ಸ್ವಲ್ಪ ಸ್ವಲ್ಪ ಹೋಗಿ ಕೆಳಗೆ ಪೊಳ್ಳಾಗುತ್ತದೆ. ನೀವು ನೋಡುತ್ತಿರುವ ಕೆಸರು ಅದೇ.

ಒಡೆಯದ ಕಲ್ಲುಗಳನ್ನು ತೊಳೆದು ಮತ್ತೆ ಬಳಸಬಹುದು. ಆದರೆ ತಳ ಮಾತ್ರ ಪೂರ್ತಿ ಹೊಸದಾಗಿ ಮಾಡಿಸಿ. ಮೆತ್ತನೆ ಮಣ್ಣು ತೆಗೆದು, ಜೇಡಿಮಣ್ಣಾದರೆ ಮೊದಲು ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಹಾಸು) ಹಾಸಿ, ಇಲ್ಲದಿದ್ದರೆ ಒದ್ದೆ ಮಣ್ಣು ಮೇಲೇರಿ ಜಲ್ಲಿಯೊಳಗೆ ಸೇರಿಕೊಳ್ಳುತ್ತದೆ. ಅದರ ಮೇಲೆ 15 ಸೆಂಟಿಮೀಟರ್ ಜಲ್ಲಿ. ಒಂದೇ ಸಲ ಸುರಿದು ಮೇಲಿಂದ ದಿಮ್ಮಸು ಮಾಡಿದರೆ ಮೇಲಿನ ಪದರ ಮಾತ್ರ ಗಟ್ಟಿಯಾಗುತ್ತದೆ, ಅಡಿ ಸಡಿಲವಾಗಿಯೇ ಉಳಿಯುತ್ತದೆ. ಏಳೆಂಟು ಸೆಂಟಿಮೀಟರ್‌ಗೆ ಒಂದು ಪದರ, ಪ್ರತಿ ಪದರಕ್ಕೂ ಯಂತ್ರದಿಂದ ದಿಮ್ಮಸು. ಕೆಲಸದವರು ಬೇಸರ ಮಾಡಿಕೊಂಡರೂ ಇದನ್ನು ನಿಂತು ಮಾಡಿಸಿ.

ವಾಟ, ಅಂದರೆ ನೀರು ಹರಿದುಹೋಗುವ ಇಳಿಜಾರು, ಮರೆಯಬೇಡಿ. ಮೀಟರಿಗೆ ಒಂದೂವರೆಯಿಂದ ಎರಡು ಸೆಂಟಿಮೀಟರ್, ಮನೆ ಗೋಡೆಯಿಂದ ಹೊರಗಡೆಗೆ. ನಾಲ್ಕು ಮೀಟರ್ ಅಂಗಳಕ್ಕೆ ಆರರಿಂದ ಎಂಟು ಸೆಂಟಿಮೀಟರ್ ಆಗುತ್ತದೆ. ಕಣ್ಣಿಗೆ ಜಾಸ್ತಿ ಅನ್ನಿಸುವುದಿಲ್ಲ, ನೀರಿಗೆ ಸಾಕು. ಈ ವಾಟವನ್ನು ಮಣ್ಣಿನ ಮಟ್ಟದಿಂದಲೇ ಕೊಡಬೇಕು, ಮರಳಿನಿಂದ ಅಲ್ಲ. ನಾನೇ ಒಮ್ಮೆ ಹಿತ್ತಿಲಲ್ಲಿ ಸಮಮಟ್ಟದ ಜಲ್ಲಿಯ ಮೇಲೆ ಗೋಡೆ ಕಡೆ ಮರಳು ದಪ್ಪ, ಆಚೆ ತೆಳ್ಳಗೆ ಹಾಕಿ ವಾಟ ಮಾಡಿದ್ದೆ. ಜೋರು ಮಳೆಗೆ ದಪ್ಪ ಇದ್ದ ಕಡೆಯೇ ಇಳಿಯಿತು, ನೀರು ನೇರ ಗೋಡೆ ಬುಡಕ್ಕೆ ತಿರುಗಿತು, ಅಷ್ಟೂ ಕಲ್ಲನ್ನು ಮತ್ತೆ ಎತ್ತಬೇಕಾಯಿತು. ಮರಳು ಎಲ್ಲ ಕಡೆ ಒಂದೇ ದಪ್ಪ ಇರಲಿ, ಮೂರು ಸೆಂಟಿಮೀಟರ್ ಸಾಕು.

ಇನ್ನೊಂದು ಮಾತು, ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಜೇಡಿಮಣ್ಣಲ್ಲಿ ತೋಡಿ ಜಲ್ಲಿ ತುಂಬಿದರೆ ಅದು ತೊಟ್ಟಿ ಇದ್ದ ಹಾಗೇ ಅಲ್ವಾ? ಸಂದಿಯಿಂದ ಇಳಿದ ನೀರು ಅಲ್ಲೇ ನಿಲ್ಲುತ್ತದೆ. ಹಾಗಾಗಿ ತಗ್ಗಿನ ಅಂಚಿನಲ್ಲಿ ಒಂದು ಕಾಲುವೆ ತೋಡಿ, ತೂತಿನ ಪೈಪ್ ಇಟ್ಟು ಜಲ್ಲಿ ತುಂಬಿ, ನೀರು ಹರಿದುಹೋಗುವ ಕಡೆಗೆ ದಾರಿ ಬಿಡಿ. ಸುತ್ತ ಅಂಚಿಗೆ ಕಾಂಕ್ರೀಟ್ ಕಟ್ಟು ಬೇಕೇ ಬೇಕು, ಇಲ್ಲವಾದರೆ ಕಲ್ಲು ಪಕ್ಕಕ್ಕೆ ಸರಿಯುತ್ತದೆ. ಆದರೆ ಆ ಕಟ್ಟು ತಳದ ನೀರಿನ ದಾರಿಗೆ ಅಡ್ಡ ಬರಬಾರದು. ಮುಗಿದ ಅಂಗಳ ಗೋಡೆಯ ತೇವ ತಡೆಯುವ ಪದರಕ್ಕಿಂತ 15 ಸೆಂಟಿಮೀಟರ್ ಕೆಳಗಿರಲಿ.

ಪ್ರಶ್ನೆ: ಕಲ್ಲುಹಾಸಿನ ಮೇಲೆ ಪಾಚಿ ಕಟ್ಟಿ ಅಮ್ಮ ಜಾರಿ ಬಿದ್ದರು. ಆಸಿಡ್ ಹಾಕಿ ತೊಳೆಯಬಹುದೇ?

ಉತ್ತರ: ಅಮ್ಮ ಬೇಗ ಚೇತರಿಸಿಕೊಳ್ಳಲಿ. ಆಸಿಡ್ ಬೇಡ, ಅದು ಸಿಮೆಂಟನ್ನು ತಿನ್ನುತ್ತದೆ. ಹಾಗೆ ಗುಳಿಬಿದ್ದ ಮೈಯಲ್ಲಿ ಪಾಚಿ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಗಡುಸು ಬ್ರಷ್ಷಿನಿಂದ ಉಜ್ಜಿ. ಜೋರು ನೀರು ಬಿಡುವ ಯಂತ್ರ ಬಳಸಿದರೆ ಸಂದಿಯ ಮರಳು ಹಾರಿಹೋಗುತ್ತದೆ, ಒಣಗಿದ ಮೇಲೆ ಮತ್ತೆ ತುಂಬಿ. ಮೇಲೆ ಬಾಗಿದ ಕೊಂಬೆ ಕಡಿದು ಬಿಸಿಲು ಬೀಳುವ ಹಾಗೆ ಮಾಡಿ. ನೀರು ನಿಲ್ಲುವ ತಗ್ಗಿದ್ದರೆ ಅಲ್ಲಿನ ಕಲ್ಲು ಎತ್ತಿ ಸರಿಮಾಡಿಸಿ. ಮುಂದೆ ಎಂದಾದರೂ ಬದಲಾಯಿಸುವಾಗ ಪಾಲಿಶ್ ಕಲ್ಲಿನ ಕಡೆ ನೋಡಲೇಬೇಡಿ, ಬೆಂಕಿಯಲ್ಲಿ ಸುಟ್ಟು ಒರಟು ಮಾಡಿದ ಗ್ರಾನೈಟ್ ಒದ್ದೆಯಲ್ಲೂ ಕಾಲಿಗೆ ಹಿಡಿತ ಕೊಡುತ್ತದೆ.

ಪ್ರಶ್ನೆ: ಅಂಗಳದ ಪಕ್ಕದ ತಡೆಗೋಡೆ ಆಳೆತ್ತರ ಇದೆ. ಮಧ್ಯದಲ್ಲಿ ಉಬ್ಬಿ ಬಿರುಕು ಬಿಟ್ಟಿದೆ. ಗಾರೆ ಮೆತ್ತಿದರೆ ಆದೀತೇ?

ಉತ್ತರ: ಆಗದು. ಗೋಡೆ ಹಿಂದೆ ನೀರಿಗೆ ದಾರಿ ಇಲ್ಲದಿದ್ದರೆ ಮಣ್ಣಿನ ಭಾರದ ಜೊತೆ ನೀರೂ ಗೋಡೆಯನ್ನು ನೂಕುತ್ತದೆ. ಒಂದು ಘನ ಮೀಟರ್ ನೀರೆಂದರೆ 1000 ಕಿಲೋ. ಗಾರೆ ಮೆತ್ತಿ ಬಿರುಕು ಮುಚ್ಚಿದರೆ, ಅಲ್ಲಿಂದ ಜಿನುಗುತ್ತಿದ್ದ ನೀರೂ ಒಳಗೇ ನಿಲ್ಲುತ್ತದೆ. ಹೊಸದಾಗಿ ಕಟ್ಟಿಸುವಾಗ ಹಿಂದೆ ಒಂದಡಿ ಅಗಲ ಬರೀ ಜಲ್ಲಿ, ಬುಡದಲ್ಲಿ ತೂತಿನ ಪೈಪ್, ಗೋಡೆಯಲ್ಲಿ ನೀರು ಹೊರಬರುವ ತೂತುಗಳು ಇರಲೇಬೇಕು. ಈಗಿನ ಗೋಡೆಯನ್ನು ಮಾತ್ರ ಮಳೆ ಶುರುವಾಗುವ ಮೊದಲೇ ಒಬ್ಬ ಎಂಜಿನಿಯರ್ ಕರೆಸಿ ತೋರಿಸಿ. ಅವರು ನೋಡಿ ಹೇಳುವ ತನಕ ಆ ಗೋಡೆ ಪಕ್ಕ ಮಕ್ಕಳನ್ನು ಆಡಲು ಬಿಡಬೇಡಿ, ಮೇಲ್ಭಾಗದಲ್ಲಿ ಗಾಡಿ ನಿಲ್ಲಿಸಬೇಡಿ.